ಕಾಗದ ಓದಿದ ದನಿ

1984ರ ಫೆಬ್ರವರಿ 23ರ ಬೆಳಿಗ್ಗೆ ಐರ್ಲೆಂಡಿನ ಅಡುಗೆಮನೆಗಳಲ್ಲಿ ಎಂದಿನಂತೆ ರೇಡಿಯೊ ಹಚ್ಚಿತ್ತು. ಮಕ್ಕಳನ್ನು ಶಾಲೆಗೆ ಕಳುಹಿಸಿ, ಪಾತ್ರೆ ತೊಳೆಯುತ್ತಲೋ ಬಟ್ಟೆಗೆ ಇಸ್ತ್ರಿ ಹಾಕುತ್ತಲೋ ಗೇ ಬರ್ನ್ ಅವರ ಕಾರ್ಯಕ್ರಮ ಕೇಳುವುದು ಆ ದೇಶದ ಹೆಂಗಸರಿಗೆ ಹನ್ನೊಂದು ವರ್ಷಗಳಿಂದ ರೂಢಿಯಾಗಿತ್ತು. ಆ ದಿನ ಕಾರ್ಯಕ್ರಮವನ್ನು ಕೇಳುಗರ ಕಾಗದಗಳಿಗೆ ಬಿಟ್ಟುಕೊಟ್ಟಿದ್ದರು. ಮದುವೆಯಾಗದೆ ಬಸಿರಾದವರು, ಯಾರಿಗೂ ತಿಳಿಯದಂತೆ ಒಬ್ಬರೇ ಹೆತ್ತವರು, ಹೆತ್ತ ಮಗುವನ್ನು ಕಳೆದುಕೊಂಡವರು, ಮನೆಯವರಿಂದಲೇ ದೂರ ಅಟ್ಟಿಸಿಕೊಂಡವರು ಬರೆದ ಕಾಗದಗಳು ಅವು. ಕೆಲವು ದಶಕಗಳಷ್ಟು ಹಳೆಯ ಸಂಗತಿಗಳು. ಗಂಡನಿಗೂ ಹೇಳಿಲ್ಲ, ಇದೇ ಮೊದಲ ಬಾರಿ ಹೇಳುತ್ತಿದ್ದೇನೆ ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ಒಂದು ಮುಗಿದ ಮೇಲೆ ಇನ್ನೊಂದು ಕಾಗದವನ್ನು, ದನಿ ಏರಿಸದೆ, ಷರಾ ಹಚ್ಚದೆ, ಬರೆದದ್ದನ್ನು ಬರೆದಂತೆಯೇ ಓದಲಾಯಿತು.

ಐರ್ಲೆಂಡಿನ ಅತಿ ದೊಡ್ಡ ಪ್ರಸಾರಕ ಎಂದು ಅಲ್ಲಿನವರು ಒಮ್ಮತದಿಂದ ಹೇಳುವ ಗೇ ಬರ್ನ್ ಅವರ ಬದುಕನ್ನು ನಾನು ಕೆಲವು ವರ್ಷಗಳಿಂದ ಆಸಕ್ತಿಯಿಂದ ಓದಿಕೊಂಡು ಬಂದಿದ್ದೇನೆ. ನನ್ನನ್ನು ಅವರ ಬಳಿಗೆ ಕರೆದೊಯ್ದವಳು ನಮ್ಮ ಬೆಳಗಾವಿಯಲ್ಲಿ ಬೆಳೆದ ಹೆಣ್ಣುಮಗಳು. ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಆಕೆಗೆ 31 ವರ್ಷ. ಹದಿನೇಳು ವಾರಗಳ ಬಸಿರು ಉಳಿಯುವುದಿಲ್ಲವೆಂದು ತಿಳಿದ ಮೇಲೂ, ಭ್ರೂಣದ ಎದೆಬಡಿತ ನಿಂತಿಲ್ಲವೆಂಬ ಕಾರಣಕ್ಕೆ ಗರ್ಭಪಾತಕ್ಕೆ ಒಪ್ಪಿಗೆ ಸಿಗಲಿಲ್ಲ. ನಂಜು ಮೈಗೆಲ್ಲ ಏರಿತು. 2018ರ ಮೇ 25ರಂದು ಐರಿಷ್ ಜನ ಗರ್ಭಪಾತವನ್ನು ತಡೆದಿದ್ದ ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ಶೇಕಡಾ 66.4 ಮತಗಳಿಂದ ತೆಗೆದುಹಾಕಿದಾಗ, ಡಬ್ಲಿನ್‌ನ ಒಂದು ಗೋಡೆಯ ಮೇಲೆ ಬಿಡಿಸಿದ್ದ ಸವಿತಾಳ ಚಿತ್ರಕ್ಕೆ ಜನರು ಸಣ್ಣ ಸಣ್ಣ ಚೀಟಿಗಳನ್ನು ಅಂಟಿಸಿದರು. ಕ್ಷಮಿಸು ಎಂದು ಬರೆದ ಚೀಟಿಗಳು ಆ ಗೋಡೆಯನ್ನು ತುಂಬಿದ್ದವು. ಅದೇ ಎಂಟನೆಯ ತಿದ್ದುಪಡಿಯನ್ನು 1983ರಲ್ಲಿ ಶೇಕಡಾ 66.9 ಮತಗಳಿಂದ ಸಂವಿಧಾನದೊಳಗೆ ಸೇರಿಸಿದ್ದೂ ಅದೇ ದೇಶವೇ. ಹೆಚ್ಚುಕಡಿಮೆ ಅಷ್ಟೇ ಮಂದಿ ಆ ಕಡೆ, ಮೂವತ್ತೈದು ವರ್ಷಗಳ ಮೇಲೆ ಅಷ್ಟೇ ಮಂದಿ ಈ ಕಡೆ. ನಡುವೆ ಆ ಜನರೊಳಗೆ ಏನಾಯಿತು ಎಂದು ಹುಡುಕುತ್ತ ಹೋದವರಿಗೆ ದಾರಿಯುದ್ದಕ್ಕೂ ಎದುರಾಗುವ ಹೆಸರು ಈತನದೇ.

ಸವಿತಾಳ ಚಿತ್ರವಿದ್ದ ಆ ಗೋಡೆಯಿಂದ ಕೆಲವೇ ನಿಮಿಷ ನಡೆದರೆ ಸಿಂಜ್ ಸ್ಟ್ರೀಟ್ ಸಿಗುತ್ತದೆ. ಆ ಬೀದಿಯ ಕ್ರಿಶ್ಚಿಯನ್ ಬ್ರದರ್ಸ್ ಶಾಲೆಯಲ್ಲಿಯೇ ಗೇ ಬರ್ನ್ ಓದಿದ್ದು. 1934ರ ಆಗಸ್ಟ್ 5ರಂದು ಡಬ್ಲಿನ್‌ನಲ್ಲಿ ಹುಟ್ಟಿದ ಅವರ ಪೂರ್ಣ ಹೆಸರು ಗೇಬ್ರಿಯಲ್. ‘ಗೇ’ ಎಂಬುದು ಅದರ ಮೊಟಕು. ತಂದೆ ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದು ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಬಡತನವೂ ಅಲ್ಲದ, ಸಿರಿತನವೂ ಅಲ್ಲದ, ಕೈಬಿಗಿಹಿಡಿದು ಸಾಗುವ ಸಂಸಾರ. ಶಾಲೆ ನಡೆಸುತ್ತಿದ್ದ ಬ್ರದರ್‌ಗಳ ಹೊಡೆತ ನಿತ್ಯದ ಮಾತು. ಅದೇ ಶಾಲೆಯಲ್ಲಿ ಓದಿ ಬಿಬಿಸಿಯಲ್ಲಿ ಹೆಸರು ಮಾಡಿದ್ದ ಈಮನ್ ಆಂಡ್ರೂಸ್ ಹುಡುಗನ ಕಣ್ಣಿಗೆ ಆದರ್ಶವಾಗಿದ್ದರು. ವಿಮಾ ಕಂಪನಿಯೊಂದರಲ್ಲಿ ಗುಮಾಸ್ತನಾಗಿ ಕೆಲಸ ಮಾಡುತ್ತಲೇ ಗೇ ತನ್ನ ದನಿಯನ್ನು ಹದಗೊಳಿಸಿಕೊಂಡು, 1958ರಲ್ಲಿ ಐರ್ಲೆಂಡಿನ ಬಾನುಲಿ ಕೇಂದ್ರವಾದ ರೇಡಿಯೊ ಏರನ್ ಸೇರಿದರು. ಅಲ್ಲಿಂದ ಮ್ಯಾಂಚೆಸ್ಟರಿನ ಗ್ರನಾಡಾ ಟೆಲಿವಿಷನ್ನಿಗೆ. 1962ರಲ್ಲಿ ಲಿವರ್‌ಪೂಲಿನ ನಾಲ್ವರು ಹುಡುಗರು ಮೊದಲ ಬಾರಿ ಟೆಲಿವಿಷನ್ ಪರದೆಯ ಮೇಲೆ ಕಾಣಿಸಿಕೊಂಡಾಗ ಅವರನ್ನು ಪರಿಚಯಿಸಿದ್ದು ಈ ಡಬ್ಲಿನ್ನಿನ ದನಿಯೇ. ಆ ಹುಡುಗರು ಬೀಟಲ್ಸ್. ಇಂಗ್ಲೆಂಡಿನಲ್ಲೇ ಉಳಿದಿದ್ದರೆ ಬರ್ನ್ ಇನ್ನಷ್ಟು ಹಣ ಮಾಡುತ್ತಿದ್ದರೇನೋ. ಆದರೆ ಅದೇ ಹೊತ್ತಿಗೆ ಅವರು ವಾರವಾರವೂ ಸಮುದ್ರ ದಾಟಿ ಡಬ್ಲಿನ್ನಿಗೆ ಬಂದು ಇನ್ನೊಂದು ಕಾರ್ಯಕ್ರಮ ನಡೆಸತೊಡಗಿದ್ದರು.

ಐರ್ಲೆಂಡಿನ ಟೆಲಿವಿಷನ್ ಶುರುವಾದದ್ದು 1961ರ ಡಿಸೆಂಬರ್ 31ರ ರಾತ್ರಿ. ಆ ರಾತ್ರಿ ಪರದೆಯ ಮೇಲೆ ಕಾಣಿಸಿಕೊಂಡ ಮೊದಲ ನಿರೂಪಕಿ ಕ್ಯಾಥ್ಲೀನ್ ವಾಟ್ಕಿನ್ಸ್ ಹಾರ್ಪ್ ನುಡಿಸುವ ಕಲಾವಿದೆ. 1964ರಲ್ಲಿ ಆಕೆ ಗೇ ಬರ್ನ್ ಅವರ ಕೈ ಹಿಡಿದರು. 1962ರ ಜುಲೈ 6ರಂದು, ಬೇಸಿಗೆಯ ಕೆಲವು ವಾರಗಳ ಖಾಲಿ ಹೊತ್ತನ್ನು ತುಂಬಲಿಕ್ಕೆಂದು ‘ದಿ ಲೇಟ್ ಲೇಟ್ ಶೋ’ ಎಂಬ ಮಾತುಕತೆಯ ಕಾರ್ಯಕ್ರಮ ಆರಂಭವಾಯಿತು. ನಡುವೆ ಒಂದು ಸರಣಿಯನ್ನು ಬೇರೊಬ್ಬರು ನಡೆಸಿಕೊಟ್ಟದ್ದನ್ನು ಬಿಟ್ಟರೆ, 1999ರ ಮೇ 21ರ ತನಕ ಮೂವತ್ತೇಳು ವರ್ಷ ಆ ಕುರ್ಚಿ ಬರ್ನ್ ಅವರದೇ ಆಗಿತ್ತು. ನಿರೂಪಣೆಯ ಜೊತೆಗೆ ನಿರ್ಮಾಣವನ್ನೂ ಅವರು ತಮ್ಮ ಕೈಯಲ್ಲೇ ಇಟ್ಟುಕೊಂಡದ್ದನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಯಾರನ್ನು ಕರೆಯಬೇಕು, ಯಾವ ಮಾತಿಗೆ ಎಷ್ಟು ಹೊತ್ತು ಕೊಡಬೇಕು, ಹಾಡುಗಾರನ ಸರದಿಯನ್ನು ಕೈಬಿಟ್ಟು ಬಿಸಿಯೇರಿದ ಚರ್ಚೆಯನ್ನು ಮುಂದುವರಿಸಬೇಕೇ ಎಂಬುದೆಲ್ಲ ಅವರದೇ ತೀರ್ಮಾನ. ಕಾರ್ಯಕ್ರಮ ನೇರ ಪ್ರಸಾರ. ಒಮ್ಮೆ ಬಾಯಿಂದ ಬಿದ್ದ ಮಾತನ್ನು ಯಾರೂ ಕತ್ತರಿಸುವಂತಿರಲಿಲ್ಲ. 1978ರವರೆಗೆ ದೇಶಕ್ಕೆ ಇದ್ದದ್ದು ಒಂದೇ ವಾಹಿನಿ. ಇಂಗ್ಲೆಂಡಿನ ಅಲೆಗಳು ತಲುಪದ ಪಶ್ಚಿಮ, ದಕ್ಷಿಣದ ಹಳ್ಳಿಗಳಲ್ಲಿ ಶನಿವಾರ ರಾತ್ರಿ ಅಜ್ಜಿ, ಅಪ್ಪ, ಅಮ್ಮ, ದೊಡ್ಡ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ಇದನ್ನೇ ನೋಡಬೇಕು, ಮರುದಿನ ಚರ್ಚಿನಂಗಳದಲ್ಲಿ ಇದನ್ನೇ ಮಾತಾಡಬೇಕು.

ಎಂಥ ದೇಶ ಅದು ಎಂಬುದನ್ನು ನೆನಪಿಡದೆ ಇದರ ತೂಕ ತಿಳಿಯುವುದಿಲ್ಲ. ಎಪ್ಪತ್ತರ ದಶಕದಲ್ಲಿಯೂ ಅಲ್ಲಿನ ಹತ್ತು ಕ್ಯಾಥೊಲಿಕರಲ್ಲಿ ಒಂಬತ್ತು ಮಂದಿ ಪ್ರತಿ ಭಾನುವಾರ ಪೂಜೆಗೆ ಹೋಗುತ್ತಿದ್ದರು. ಗರ್ಭನಿರೋಧಕಗಳ ಮಾರಾಟಕ್ಕೆ 1935ರಿಂದ ನಿಷೇಧ. ವಿಚ್ಛೇದನವನ್ನು ಸಂವಿಧಾನವೇ ತಡೆದಿತ್ತು. ಸರ್ಕಾರಿ ನೌಕರಿಯಲ್ಲಿದ್ದ ಹೆಣ್ಣು ಮದುವೆಯಾದೊಡನೆ ಕೆಲಸ ಬಿಡಬೇಕೆಂಬ ನಿಯಮ 1973ರ ತನಕ ಇತ್ತು. 1966ರ ಫೆಬ್ರವರಿಯ ಒಂದು ಶನಿವಾರ ಬರ್ನ್ ಸಭಿಕರಲ್ಲಿದ್ದ ದಂಪತಿಗಳೊಂದಿಗೆ ಒಂದು ಆಟ ಆಡಿಸಿದರು. ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಅದೇ ಪ್ರಶ್ನೆ ಕೇಳಿ ಉತ್ತರ ತಾಳೆಯಾಗುತ್ತದೆಯೇ ಎಂದು ನೋಡುವ ಆಟ. ಮದುವೆಯ ಮೊದಲ ರಾತ್ರಿ ತೊಟ್ಟ ಉಡುಪಿನ ಬಣ್ಣ ಯಾವುದು ಎಂಬ ಪ್ರಶ್ನೆಗೆ ಹೆಂಡತಿ, ಬಹುಶಃ ಏನೂ ತೊಟ್ಟಿರಲಿಲ್ಲ ಎಂದುಬಿಟ್ಟಳು. ಸಭಿಕರು ನಕ್ಕರು. ಮರುದಿನ ಕ್ಲಾನ್‌ಫರ್ಟಿನ ಬಿಷಪ್ ಥಾಮಸ್ ರಯಾನ್ ಪ್ರವಚನಪೀಠದಿಂದಲೇ ಕಾರ್ಯಕ್ರಮವನ್ನು ಖಂಡಿಸಿದರು. ವಾಹಿನಿ ಕ್ಷಮೆ ಕೇಳಬೇಕಾಯಿತು. ಇಂದು ಈ ಪ್ರಸಂಗವನ್ನು ಅಲ್ಲಿನವರು ನಗೆಯ ಕತೆಯಾಗಿ ಹೇಳುತ್ತಾರೆ. ನನಗೆ ಆ ಹೆಣ್ಣುಮಗಳ ಮೇಲೆಯೇ ಮನಸ್ಸು ನಿಲ್ಲುತ್ತದೆ. ಹಾಸಿಗೆಯ ಮನೆಯ ಮಾತನ್ನು ನಾಲ್ಕು ಜನರ ಮುಂದೆ ಅಳುಕಿಲ್ಲದೆ ನಗುನಗುತ್ತ ಹೇಳಿದವಳು ಅವಳು.

1971ರ ಮಾರ್ಚಿನಲ್ಲಿ ಬರ್ನ್ ಒಂದಿಡೀ ಸಂಚಿಕೆಯನ್ನು ಹೊಸದಾಗಿ ಹುಟ್ಟಿದ್ದ ಐರಿಷ್ ಮಹಿಳಾ ವಿಮೋಚನಾ ಚಳವಳಿಗೆ ಬಿಟ್ಟುಕೊಟ್ಟರು. ಮುಂದೆ ದೇಶದ ಅಧ್ಯಕ್ಷೆಯಾದ ಮೇರಿ ರಾಬಿನ್‌ಸನ್ ಆ ದಿನ ವೇದಿಕೆಯಲ್ಲಿದ್ದರು. ಮುಂದೆ ಪ್ರಧಾನಿಯಾಗಲಿದ್ದ ರಾಜಕಾರಣಿ ಗ್ಯಾರೆಟ್ ಫಿಟ್ಸ್‌ಜೆರಾಲ್ಡ್ ಮನೆಯಲ್ಲಿ ಕುಳಿತು ನೋಡುತ್ತಿದ್ದವರು ತಡೆಯಲಾರದೆ ಸ್ಟುಡಿಯೊಗೇ ಬಂದು ಕುಳಿತರು. ಮಾತು ಕೂಗಾಟಕ್ಕೆ ತಿರುಗಿತು. ಎರಡು ತಿಂಗಳ ನಂತರ ಆ ಚಳವಳಿಯ ಹೆಂಗಸರು ರೈಲಿನಲ್ಲಿ, ಬ್ರಿಟನ್ನಿನ ಆಳ್ವಿಕೆಯಲ್ಲಿದ್ದು ಇಂಥ ನಿಷೇಧವಿಲ್ಲದ ಬೆಲ್‌ಫಾಸ್ಟಿಗೆ ಹೋಗಿ, ಗರ್ಭನಿರೋಧಕಗಳನ್ನು ಕೊಂಡು, ಡಬ್ಲಿನ್ ನಿಲ್ದಾಣದ ಸುಂಕದವರ ಕಣ್ಣೆದುರೇ ಅವನ್ನು ಹಿಡಿದು ತೋರಿಸುತ್ತ ಹೊರಬಂದರು.

ಇಷ್ಟೆಲ್ಲ ನಡೆಸಿದರೂ ಬರ್ನ್ ತಮ್ಮನ್ನು ಸುಧಾರಕನೆಂದು ಎಂದೂ ಕರೆದುಕೊಳ್ಳಲಿಲ್ಲ. ಸ್ವಭಾವದಲ್ಲಿ ಅವರು ಹಳೆಯ ಕಾಲದ, ಶಿಸ್ತಿನ, ಸಂಪ್ರದಾಯಸ್ಥ ಮನುಷ್ಯ. ಜನ ಚಾನೆಲ್ ಬದಲಿಸದಂತೆ ನೋಡಿಕೊಳ್ಳುವುದು, ಸಭೆಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಉಡುಗೊರೆ ಹಂಚುವುದು, 1975ರಿಂದ ಪ್ರತಿ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳಿಗಾಗಿ ಆಟಿಕೆಗಳ ವಿಶೇಷ ಸಂಚಿಕೆ ಮಾಡುವುದು, ಇವನ್ನೇ ತನ್ನ ಕಸುಬೆಂದು ತಿಳಿದಿದ್ದರು. ಊರಿನ ಜನ ಯಾವ ಮಾತನ್ನು ನುಂಗಿಕೊಂಡಿದ್ದಾರೆ ಎಂಬುದನ್ನು ಮೂಸಿನೋಡಿ ತಿಳಿಯುವ ಶಕ್ತಿ ಅವರಿಗೆ ಹುಟ್ಟಿನಿಂದಲೇ ಬಂದಿತ್ತು. ಆ ಮಾತು ಹೊರಬಿದ್ದರೆ ಕಾರ್ಯಕ್ರಮ ಕಳೆಗಟ್ಟುತ್ತದೆ ಎಂಬ ಕಸುಬಿನ ಲೆಕ್ಕವೂ ಅದರಲ್ಲಿತ್ತು. ಆ ಲೆಕ್ಕವನ್ನು ನಾನು ಕೀಳೆಂದು ಎಣಿಸುವುದಿಲ್ಲ. ಸಿದ್ಧಾಂತಿಯೊಬ್ಬ ಆ ಕುರ್ಚಿಯಲ್ಲಿದ್ದಿದ್ದರೆ ದೇಶದ ಅರ್ಧದಷ್ಟು ಜನ ಪೆಟ್ಟಿಗೆಯನ್ನು ಆರಿಸಿಬಿಡುತ್ತಿದ್ದರು.

ಟೆಲಿವಿಷನ್ನಿನ ಬಗ್ಗೆ ಬರೆದವರು ಬಹಳ. ನನ್ನ ಮಟ್ಟಿಗೆ ಬರ್ನ್ ಅವರ ನಿಜವಾದ ದೊಡ್ಡಸ್ತಿಕೆ ಇರುವುದು ರೇಡಿಯೊದಲ್ಲಿ. 1973ರಲ್ಲಿ ‘ದಿ ಗೇ ಬರ್ನ್ ಅವರ್’ ಎಂದು ಆರಂಭವಾಗಿ, ಮುಂದೆ ಹೊತ್ತು ಹೆಚ್ಚಿಸಿಕೊಂಡು ‘ದಿ ಗೇ ಬರ್ನ್ ಶೋ’ ಆದ ಆ ಬೆಳಗಿನ ಕಾರ್ಯಕ್ರಮ 1998ರ ಕ್ರಿಸ್‌ಮಸ್ ತನಕ ನಡೆಯಿತು. ಕೆಟ್ಟುಹೋದ ಬಟ್ಟೆ ತೊಳೆಯುವ ಯಂತ್ರ, ಹಣ ವಾಪಸು ಕೊಡದ ಅಂಗಡಿಯವನು, ಮಾತು ಕೇಳದ ಮಗ, ಕುಡಿಯುವ ಗಂಡ, ಇಂಥವೇ ಅದರ ದಿನನಿತ್ಯದ ಸರಕು. ಟೆಲಿವಿಷನ್ನನ್ನು ಮನೆಮಂದಿಯೆಲ್ಲ ಸೇರಿ ನೋಡುತ್ತಾರೆ. ಅಜ್ಜಿಯ ಮುಂದೆ ಮೊಮ್ಮಗಳು, ಗಂಡನ ಮುಂದೆ ಹೆಂಡತಿ ಮುಖದಲ್ಲಿ ಏನೂ ತೋರಿಸುವಂತಿಲ್ಲ. ಬೆಳಗಿನ ರೇಡಿಯೊವನ್ನು ಹೆಣ್ಣು ಒಬ್ಬಳೇ ಕೇಳುತ್ತಾಳೆ. ಕೈ ಹಿಟ್ಟಿನಲ್ಲಿದ್ದರೂ ಕಿವಿ ಅಲ್ಲಿರುತ್ತದೆ, ಕಣ್ಣಲ್ಲಿ ನೀರು ಬಂದರೆ ಕೇಳುವವರು ಯಾರೂ ಇರುವುದಿಲ್ಲ.

1984ರ ಜನವರಿ 31ರಂದು ಲಾಂಗ್‌ಫರ್ಡ್ ಜಿಲ್ಲೆಯ ಗ್ರಾನಾರ್ಡ್ ಎಂಬ ಸಣ್ಣ ಊರಿನಲ್ಲಿ ಹದಿನೈದು ವರ್ಷದ ಶಾಲಾಹುಡುಗಿ ಆನ್ ಲೋವೆಟ್, ಚರ್ಚಿನ ಬಳಿಯ ಕನ್ಯಾಮೇರಿಯ ಗವಿಯಲ್ಲಿ, ಚಳಿ ಮಳೆಯಲ್ಲಿ, ಒಬ್ಬಳೇ ಗಂಡುಮಗುವನ್ನು ಹೆತ್ತಳು. ಶಾಲೆ ಬಿಟ್ಟು ಹೋಗುತ್ತಿದ್ದ ಹುಡುಗರು ಅವಳನ್ನು ಕಂಡು ಜನರನ್ನು ಕರೆದರು. ಮಗು ಆಗಲೇ ತೀರಿಕೊಂಡಿತ್ತು. ಕೆಲವೇ ಗಂಟೆಗಳಲ್ಲಿ ತಾಯಿಯೂ ಹೋದಳು. ಹೊಕ್ಕುಳಬಳ್ಳಿ ಕತ್ತರಿಸಲೆಂದು ಅವಳು ಮನೆಯಿಂದ ಕತ್ತರಿ ತಂದಿದ್ದಳು. ನಾನು ಈ ಸಾವಿನ ಬಗ್ಗೆ ಓದಿದ ಎಷ್ಟೋ ಪುಟಗಳಲ್ಲಿ ಆ ಕತ್ತರಿಯನ್ನು ದಾಟಿ ಸುಲಭವಾಗಿ ಮುಂದೆ ಹೋಗಲಾಗಿಲ್ಲ. ಮಗುವಿಗೆ ಬೇಕಾದದ್ದನ್ನು ಹದಿನೈದರ ಹುಡುಗಿ ಯೋಚಿಸಿಟ್ಟುಕೊಂಡಿದ್ದಳು. ಅವಳಿಗೆ ಬೇಕಾದದ್ದನ್ನು ಯೋಚಿಸಲು ಯಾರೂ ಇರಲಿಲ್ಲ. ಎಂಟನೆಯ ತಿದ್ದುಪಡಿ ಗೆದ್ದು ಆಗಿನ್ನೂ ಐದು ತಿಂಗಳೂ ಕಳೆದಿರಲಿಲ್ಲ.

ಊರು ಬಾಯಿಗೆ ಬೀಗ ಹಾಕಿಕೊಂಡಿತು. ಫೆಬ್ರವರಿ 5ರ ಭಾನುವಾರದ ‘ಸಂಡೇ ಟ್ರಿಬ್ಯೂನ್’ ಸುದ್ದಿಯನ್ನು ಮುಖಪುಟದಲ್ಲಿ ಹಾಕಿತು. ಹಿಂದಿನ ರಾತ್ರಿಯ ‘ಲೇಟ್ ಲೇಟ್ ಶೋ’ದ ಕೊನೆಯಲ್ಲಿ ಮರುದಿನದ ಪತ್ರಿಕೆಗಳ ತಲೆಬರಹಗಳನ್ನು ತೋರಿಸುವಾಗ ಅದು ಬರ್ನ್ ಅವರ ಕೈಗೆ ಬಂದಿತ್ತು. ಅಂಥ ವಿಶೇಷವೇನೂ ಇಲ್ಲವೆಂಬ ಮಾತಾಡಿ ಅವರು ಅದನ್ನು ಬದಿಗೆ ಬಿಟ್ಟರು. ಊರಿನ ನುಂಗಿದ ಮಾತನ್ನು ಮೂಸಿ ತಿಳಿಯುತ್ತಿದ್ದ ಅದೇ ಮನುಷ್ಯ, ಎಲ್ಲಕ್ಕಿಂತ ದೊಡ್ಡ ಮಾತು ಅಂಗೈಯಲ್ಲೇ ಇದ್ದಾಗ ಅದನ್ನು ಗುರುತಿಸಲಿಲ್ಲ. ಗುರುತಿಸಿದವರು ಅಡುಗೆಮನೆಯಲ್ಲಿ ರೇಡಿಯೊ ಕೇಳುತ್ತಿದ್ದ ಹೆಂಗಸರು. ಕಾರ್ಯಕ್ರಮದ ವಿಳಾಸಕ್ಕೆ ಕಾಗದಗಳು ಬರತೊಡಗಿದವು. ಮೊದಲು ಕೆಲವು, ಆಮೇಲೆ ಕಟ್ಟುಕಟ್ಟು. ಅವು ಆನ್ ಲೋವೆಟ್ ಹೆಸರಿನಿಂದ ಶುರುವಾಗಿ ಬರೆದವಳ ಸ್ವಂತ ಕತೆಗೆ ತಿರುಗುತ್ತಿದ್ದವು. ಫೆಬ್ರವರಿ 23ರಂದು ಬರ್ನ್ ಅವನ್ನು ಕೈಗೆತ್ತಿಕೊಂಡರು.

ಅವರು ಏನು ಮಾಡಿದರು ಎಂಬುದಕ್ಕಿಂತ ಏನು ಮಾಡಲಿಲ್ಲ ಎಂಬುದು ಪ್ರಸಾರದ ಕಸುಬನ್ನು ಬಲ್ಲವರ ಕಣ್ಣಿಗೆ ಬೀಳಬೇಕು. ಪಾದ್ರಿಯೊಬ್ಬರನ್ನೂ ಮನೋವೈದ್ಯರೊಬ್ಬರನ್ನೂ ಎದುರುಬದುರು ಕೂರಿಸಿ ಸಮತೋಲನದ ಶಾಸ್ತ್ರ ಮಾಡಲಿಲ್ಲ. ಕಾಗದ ಬರೆದವರ ಮೇಲೆ ತಮ್ಮ ಮರುಕವನ್ನು ಹೊರಿಸಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲೆ ಮೈಕಿನ ಮುಂದೆ ಪಳಗಿದ, ಪ್ರತಿಯೊಂದು ಅಕ್ಷರವನ್ನೂ ತೂಗಿ ಉಚ್ಚರಿಸಬಲ್ಲ ಆ ದನಿ, ಆ ದಿನ ಬರಿಯ ದಾರಿಯಾಯಿತು. ದೇಶದಲ್ಲೆಲ್ಲ ಹೆಚ್ಚು ಪರಿಚಿತವಾದ, ಹೆಚ್ಚು ನಂಬಿಕೆಯ ಗಂಡುದನಿಯಲ್ಲಿ ಆ ಮಾತುಗಳು ಬಂದದ್ದರಿಂದಲೇ ಅವನ್ನು ಸುಳ್ಳೆಂದು ತಳ್ಳಿಹಾಕಲು ಯಾರಿಗೂ ಆಗಲಿಲ್ಲ. ಹೆಣ್ಣು ತನ್ನ ದನಿಯಲ್ಲೇ ಹೇಳಿದ್ದರೆ ನಂಬುತ್ತಿರಲಿಲ್ಲವೇ ಎಂದು ಕೇಳಿದರೆ, ನಂಬುತ್ತಿರಲಿಲ್ಲ ಎಂದೇ ನಾನು ಹೇಳುತ್ತೇನೆ. ಅದಕ್ಕೆ ಸಾಕ್ಷಿ ಬರ್ನ್ ಅವರ ಸ್ಟುಡಿಯೊದಲ್ಲಿಯೇ ಒಂಬತ್ತು ವರ್ಷಗಳ ನಂತರ ಸಿಕ್ಕಿತು.

ಗಾಲ್ವೆಯ ಬಿಷಪ್ ಈಮನ್ ಕೇಸಿ ಜನಪ್ರಿಯರು, ಹಾಡುವವರು, ಬಡವರ ಪರ ಮಾತಾಡುವವರು, ‘ಲೇಟ್ ಲೇಟ್ ಶೋ’ಗೆ ಬಂದು ಸಭಿಕರನ್ನು ನಗಿಸಿದವರು. ಅವರಿಗೆ ಆನಿ ಮರ್ಫಿ ಎಂಬ ಅಮೆರಿಕದ ಹೆಣ್ಣುಮಗಳಿಂದ 1974ರಲ್ಲಿ ಹುಟ್ಟಿದ ಮಗನಿದ್ದಾನೆಂಬ ಸುದ್ದಿ 1992ರ ಮೇ ತಿಂಗಳಲ್ಲಿ ಹೊರಬಿತ್ತು. ಬಿಷಪ್ ರಾಜೀನಾಮೆ ಕೊಟ್ಟು ದೇಶ ಬಿಟ್ಟರು. 1993ರ ಏಪ್ರಿಲ್ 2ರಂದು ಆನಿ ಮರ್ಫಿ ಬರ್ನ್ ಅವರ ಎದುರು ಕುಳಿತಳು. ಆ ಸಂದರ್ಶನ ನೋಡುವುದು ಇಂದಿಗೂ ಕಷ್ಟ. ಪ್ರಶ್ನೆಗಳು ಒಂದಾದ ಮೇಲೊಂದು ಚುಚ್ಚುತ್ತವೆ. ಅವಳು ಆ ಮನುಷ್ಯನನ್ನು ಬಲೆಗೆ ಬೀಳಿಸಿದಳೋ ಎಂಬ ಸಂಶಯ ಕೋಣೆಯಲ್ಲೆಲ್ಲ ಹರಡಿರುತ್ತದೆ. ಕೊನೆಯಲ್ಲಿ ಬರ್ನ್, ನಿಮ್ಮ ಮಗ ತನ್ನ ತಂದೆಯ ಅರ್ಧದಷ್ಟು ಒಳ್ಳೆಯವನಾದರೂ ಸಾಕು ಎಂಬರ್ಥದ ಮಾತಾಡುತ್ತಾರೆ. ನಾನೂ ಅಂಥ ಕೆಟ್ಟವಳೇನಲ್ಲ, ಬರ್ನ್ ಅವರೇ, ಎಂದು ಹೇಳಿ ಅವಳು ಎದ್ದು ನಡೆಯುತ್ತಾಳೆ.

ಕಾಗದದಲ್ಲಿ ಬಂದ ಹೆಣ್ಣಿಗೆ ತಮ್ಮ ದನಿಯನ್ನೇ ಕೊಟ್ಟವರು, ಎದುರಿಗೆ ಬಂದು ಕುಳಿತು ಉತ್ತರ ಕೊಡುವ ಹೆಣ್ಣಿಗೆ ಕಿವಿಯನ್ನೂ ಕೊಡಲಿಲ್ಲ. ಗೇ ಬರ್ನ್ ಅವರನ್ನು ಮೆಚ್ಚುವವರು ಈ ಸಂದರ್ಶನವನ್ನು ಒಂದು ಕೆಟ್ಟ ರಾತ್ರಿಯೆಂದು ಪಕ್ಕಕ್ಕಿಡುತ್ತಾರೆ. ಹಾಗೆ ಪಕ್ಕಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ. ಅವರ ದೇಶ ಹೆಣ್ಣನ್ನು ಎಷ್ಟು ದೂರ ಕೇಳಲು ಸಿದ್ಧವಿತ್ತೋ ಅಷ್ಟೇ ದೂರ ಅವರೂ ಕೇಳಬಲ್ಲವರಾಗಿದ್ದರು. ಹೆಸರಿಲ್ಲದ, ಅಳುವ, ಕ್ಷಮೆ ಬೇಡುವ ಹೆಣ್ಣಿಗೆ ಕರುಣೆ ಇತ್ತು. ಹೆಸರು ಹೇಳಿ, ತಲೆಯೆತ್ತಿ, ಪುಸ್ತಕ ಬರೆದು ಬಂದವಳಿಗೆ ಇನ್ನೂ ಜಾಗ ಆಗಿರಲಿಲ್ಲ. 1995ರಲ್ಲಿ ವಿಚ್ಛೇದನಕ್ಕೆ ಅನುಮತಿ ಕೊಡುವ ಜನಮತಗಣನೆ ಗೆದ್ದದ್ದು ಶೇಕಡಾ ಒಂದರಷ್ಟೂ ಇಲ್ಲದ ಮುನ್ನಡೆಯಿಂದ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ಕೊನೆಯ ಸಂಚಿಕೆಯ ದಿನ ಯು2 ರಾಕ್ ಸಂಗೀತ ತಂಡದ ಬೊನೊ ಮತ್ತು ಲ್ಯಾರಿ ಮಲ್ಲನ್ ಒಂದು ಹಾರ್ಲೆ ಡೇವಿಡ್‌ಸನ್ ಬೈಕನ್ನು ಉಡುಗೊರೆಯಾಗಿ ಕೊಟ್ಟರು. ಅರವತ್ತೈದರ ಹೊಸ್ತಿಲಲ್ಲಿದ್ದ ಮನುಷ್ಯ ಅದನ್ನು ನಿಜಕ್ಕೂ ಓಡಿಸಿದರು. ವಿಶ್ರಾಂತಿ ಮಾತ್ರ ಅವರ ಪಾಲಿಗಿರಲಿಲ್ಲ. ಎಂಬತ್ತರ ದಶಕದಲ್ಲಿ, ಆಪ್ತ ಗೆಳೆಯನಾಗಿದ್ದ ಲೆಕ್ಕಿಗ ಸತ್ತ ಮೇಲೆ, ತಾವು ಅವನ ಕೈಗೆ ಒಪ್ಪಿಸಿದ್ದ ಉಳಿತಾಯವೆಲ್ಲ ಕರಗಿಹೋಗಿದೆಯೆಂದು ಅವರಿಗೆ ತಿಳಿದಿತ್ತು. ಮತ್ತೆ ಸೊನ್ನೆಯಿಂದ ಕೂಡಿಟ್ಟದ್ದರಲ್ಲಿ ಬಹುಪಾಲು 2008ರ ಬ್ಯಾಂಕುಗಳ ಕುಸಿತದಲ್ಲಿ ಹೋಯಿತು. 2006ರಲ್ಲಿ ರಸ್ತೆ ಸುರಕ್ಷತಾ ಪ್ರಾಧಿಕಾರದ ಅಧ್ಯಕ್ಷರಾದರು. ಆ ವರ್ಷ ಐರ್ಲೆಂಡಿನ ರಸ್ತೆಗಳಲ್ಲಿ ಸತ್ತವರು 365 ಮಂದಿ. 2013ರ ಹೊತ್ತಿಗೆ ಅದು 200ಕ್ಕಿಂತ ಕೆಳಗಿಳಿದಿತ್ತು. 2011ರಲ್ಲಿ ದೇಶದ ಅಧ್ಯಕ್ಷ ಪದವಿಗೆ ನಿಲ್ಲುವಂತೆ ಬಂದ ಕರೆಯನ್ನು ನಿರಾಕರಿಸಿದರು.

ಅವರ ಕೊನೆಯ ವರ್ಷಗಳ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ‘ದಿ ಮೀನಿಂಗ್ ಆಫ್ ಲೈಫ್’ ಎಂಬ ಮಾತುಕತೆಯ ಸರಣಿ. 2015ರಲ್ಲಿ ಇಂಗ್ಲಿಷ್ ನಟ ಸ್ಟೀಫನ್ ಫ್ರೈ ಅವರಿಗೆ, ಸತ್ತ ಮೇಲೆ ದೇವರು ಎದುರಾದರೆ ಏನು ಹೇಳುತ್ತೀರಿ ಎಂದು ಕೇಳಿದರು. ಮಕ್ಕಳಿಗೆ ಮೂಳೆಯ ಕ್ಯಾನ್ಸರ್ ಕೊಟ್ಟದ್ದೇಕೆ ಎಂದು ಫ್ರೈ ಸಿಡಿಯುತ್ತ ಹೋದರು. ಜೀವನವಿಡೀ ಕ್ಯಾಥೊಲಿಕ್ ಆವರಣದಲ್ಲಿ ಬದುಕಿದ ಎಂಬತ್ತರ ವೃದ್ಧ ಅದನ್ನು ತಡೆಯಲಿಲ್ಲ. ಮುಖದ ಗೆರೆಗಳಲ್ಲಿ ಬೆರಗು, ಕಸಿವಿಸಿ ಎರಡೂ ಕಾಣುತ್ತವೆ. ಆದರೂ ಸುಮ್ಮನೆ ಕೇಳಿಸಿಕೊಂಡರು. 1993ರಲ್ಲಿ ಆನಿ ಮರ್ಫಿಗೆ ಸಿಗದ ಆ ಮೌನ ಇಲ್ಲಿ ಸಿಕ್ಕಿತು ಎಂದು ನನಗೆ ನೋಡುವಾಗಲೆಲ್ಲ ಅನ್ನಿಸುತ್ತದೆ.

2016ರ ನವೆಂಬರಿನಲ್ಲಿ, ಲಿರಿಕ್ ಎಫ್‌ಎಮ್‌ನ ತಮ್ಮ ಭಾನುವಾರದ ಕಾರ್ಯಕ್ರಮದಲ್ಲಿ, ಪ್ರಾಸ್ಟೇಟ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯಬೇಕಾಗಿದೆ ಎಂಬುದನ್ನು ಕೇಳುಗರಿಗೆ ತಾವೇ ನಾಲ್ಕು ಮಾತಿನಲ್ಲಿ ಹೇಳಿದರು. 2019ರ ನವೆಂಬರ್ 4ರಂದು ಹೌತ್‌ನ ಮನೆಯಲ್ಲಿ, 85ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಎಂಟನೆಯ ತಿದ್ದುಪಡಿ ಹೋದದ್ದನ್ನು ಕಂಡೇ ಹೋದರು.

ನಾನು ಮತ್ತೆ ಮತ್ತೆ ನೆನೆಯುವುದು 1984ರ ಆ ಫೆಬ್ರವರಿಯಲ್ಲಿ ಕಾಗದ ಹಿಡಿದು ಅಂಚೆ ಕಚೇರಿಗೆ ನಡೆದ ಯಾವಳೋ ಒಬ್ಬಳನ್ನು. ಸಣ್ಣ ಊರು. ಕಟಕಟೆಯ ಹಿಂದೆ ಕುಳಿತವರಿಗೆ ಎಲ್ಲರ ಕೈಬರಹವೂ ಗೊತ್ತು. ವಕೀಲರಿಗೋ ಬಿಷಪ್ಪರಿಗೋ ಬರೆದಿದ್ದರೆ ಮನೆ ಮುಟ್ಟುವುದರೊಳಗೆ ಊರಿಗೆಲ್ಲ ತಿಳಿಯುತ್ತಿತ್ತು. ಆದರೆ ಲಕೋಟೆಯ ಮೇಲಿದ್ದದ್ದು ಗೇ ಬರ್ನ್, ಆರ್‌ಟಿಇ, ಡಬ್ಲಿನ್ 4 ಎಂಬ ಪ್ರಸಾರ ಸಂಸ್ಥೆಯ ವಿಳಾಸ. ಕೆಟ್ಟ ಇಸ್ತ್ರಿಪೆಟ್ಟಿಗೆಯ ಬಗ್ಗೆ, ಮೋಸದ ಅಂಗಡಿಯ ಬಗ್ಗೆ, ದೇಶದ ಅರ್ಧ ಹೆಂಗಸರು ಆ ವಿಳಾಸಕ್ಕೆ ಬರೆಯುತ್ತಲೇ ಇದ್ದರು. ಅಂಚೆಯವರು ಚೀಟಿ ಅಂಟಿಸಿ, ಮುದ್ರೆಯೊತ್ತಿ, ಚೀಲಕ್ಕೆ ಹಾಕಿರಬೇಕು. ಅವಳು ಚಿಲ್ಲರೆ ಎಣಿಸಿಕೊಂಡು ಮನೆಗೆ ಹಿಂದಿರುಗಿರಬೇಕು.